ಬಾಯಿ ಮುಚ್ಚಿಸಿದ್ದು ಯಾರು? ಮೈಸೂರು–ಮಂಡ್ಯದ ಹೇಳಿಕೆಗಳನ್ನು ತೂಗುವ ಬಗೆ

2025ರ ದಸರಾ ಉದ್ಘಾಟನೆಗೆ ಸರ್ಕಾರ ಕನ್ನಡದ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದ ಮೇಲೆ ಮೈಸೂರಿನಲ್ಲಿ ಹೇಳಿಕೆಗಳದ್ದೇ ಕಾರುಬಾರು. ಅದೇ ವರ್ಷ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತ್ತು. ಕನ್ನಡವನ್ನು ಭುವನೇಶ್ವರಿಯಾಗಿ, ಅರಿಶಿನ ಕುಂಕುಮದ ತಾಯಿಯಾಗಿ ಕಾಣುವುದನ್ನು ಪ್ರಶ್ನಿಸಿ ಅವರು 2023ರಲ್ಲಿ ಆಡಿದ್ದ ಮಾತಿನ ವಿಡಿಯೊ ಮತ್ತೆ ಓಡಾಡತೊಡಗಿತು. ಅವರು ಉದ್ಘಾಟಿಸಕೂಡದು ಎಂದು ಕೆಲವರು ಪಟ್ಟು ಹಿಡಿದರು. ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ದಾಳಿ ಎಂದು ಇನ್ನು ಕೆಲವರು ಹೇಳಿದರು. ಹಾಗಾದರೆ ವಿರೋಧ ಹೇಳುವ ಸ್ವಾತಂತ್ರ್ಯ ನಮಗಿಲ್ವಾ ಎಂದು ಮೊದಲಿನವರು ತಿರುಗಿ ಕೇಳಿದರು. ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. 19ರಂದು ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. 22ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ನಡೆಯಿತು.

ಇಬ್ಬರೂ ಸ್ವಾತಂತ್ರ್ಯದ ಹೆಸರಲ್ಲೇ ಮಾತಾಡಿದರು. ಹಾಗಂತ ಇಬ್ಬರ ಮಾತೂ ಒಂದೇ ತೂಕದ್ದಲ್ಲ. ಇಬ್ಬರಲ್ಲಿ ಒಬ್ಬರದು ಪೂರ್ತಿ ಸುಳ್ಳು ಅನ್ನುವುದಕ್ಕೂ ಆಗದು. ಅವರನ್ನು ಕರೆಯಬೇಡಿ ಎನ್ನುವುದು ಒಂದು ಅಭಿಪ್ರಾಯ. ಅದರಿಂದ ಯಾರ ಬಾಯಿಯೂ ಮುಚ್ಚುವುದಿಲ್ಲ. ದಸರಾ ಉದ್ಘಾಟನೆ ಯಾರ ಹಕ್ಕೂ ಅಲ್ಲ, ಅದೊಂದು ಗೌರವ. ಹಾಗಾಗಿ ಅದನ್ನು ದಾಳಿ ಎಂದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ನಾವು ಬರೀ ಅಭಿಪ್ರಾಯ ಹೇಳಿದೆವು ಎಂಬುದೂ ಅರ್ಧ ಮಾತು. ಸರ್ಕಾರ ಅವರನ್ನು ಕೈಬಿಡುವಂತೆ ಆದೇಶ ಕೊಡಿ ಎಂದು ಕೋರ್ಟಿಗೆ ಹೋದಾಗ ಅಧಿಕಾರದ ಬಲವನ್ನು ಕೇಳಿದ ಹಾಗಾಯಿತು. ಕೇಳುವ ಹಕ್ಕು ಅವರಿಗಿತ್ತು, ಸಿಗಲಿಲ್ಲ, ಅಷ್ಟೆ. ಆದರೆ ಕೇಳಿದ್ದು ಏನು ಎಂಬುದನ್ನು ಹೇಳಿಕೆಯಲ್ಲಿ ಮುಚ್ಚಿಡುವ ಹಾಗಿಲ್ಲ.

ಇಂಥ ಹೇಳಿಕೆಗಳನ್ನು ಅಳೆಯಲು ನಮ್ಮಲ್ಲಿ ಎಲ್ಲರ ಕೈಗೂ ಸಿಗುವ ಅಳತೆಗೋಲು ಒಂದೇ: ‘ಆಗ ಎಲ್ಲಿದ್ರಿ?’ ನಿಮ್ಮವರಿಗೆ ಆದಾಗ ಕೂಗುತ್ತೀರಿ, ನಮ್ಮವರಿಗೆ ಆದಾಗ ಸುಮ್ಮನಿದ್ದಿರಿ. ಇದಕ್ಕೆ ಮೈಸೂರಿನಲ್ಲಿ ಬೇಕಾದಷ್ಟು ಸರಕು ಇದೆ. 2022ರ ನವೆಂಬರಿನಲ್ಲಿ ರಂಗಾಯಣದಲ್ಲಿ ಟಿಪ್ಪುವನ್ನು ಟೀಕಿಸುವ ನಾಟಕ ಬಂತು. ಬರೆದವರು ಆಗಿನ ರಂಗಾಯಣದ ನಿರ್ದೇಶಕರಾದ ಅಡ್ಡಂಡ ಕಾರ್ಯಪ್ಪ. ನಾಟಕದ ಪುಸ್ತಕ ಮಾರಬಾರದು ಎಂದು ಬೆಂಗಳೂರಿನ ಸಿವಿಲ್ ಕೋರ್ಟ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಆಗ ಅಭಿವ್ಯಕ್ತಿ ಸ್ವಾತಂತ್ರ್ಯದ ಪರ ನಿಂತವರಲ್ಲಿ ಹಲವರು 2025ರಲ್ಲಿ ಬಾನು ಅವರ ಮಾತು ತಪ್ಪು ಎಂದು ನಿಂತರು. ಅವತ್ತು ಇತಿಹಾಸ ತಿರುಚಿದವರಿಗೆ ಯಾವ ಸ್ವಾತಂತ್ರ್ಯ ಎಂದವರು 2025ರಲ್ಲಿ ಸ್ವಾತಂತ್ರ್ಯದ ಪರ ವಕಾಲತ್ತು ಹಾಕಿದರು. ಜಾಗ ಅದಲು ಬದಲು, ಭಾಷಣ ಅದೇ.

ಎರಡು ನಾಲಿಗೆ ಇರುವವರನ್ನು ಹಿಡಿದು ತೋರಿಸುವುದು ಒಳ್ಳೆಯದೇ. ಆದರೆ ‘ಆಗ ಎಲ್ಲಿದ್ರಿ’ ಅನ್ನುವ ಪ್ರಶ್ನೆ ಅಷ್ಟಕ್ಕೇ ಮುಗಿಸಿಬಿಡುತ್ತದೆ. ಕೇಳಿದವರು ಗೆದ್ದ ಹಾಗೆ ಎದ್ದು ಹೋಗುತ್ತಾರೆ. ಈಗ ನಿಜವಾಗಿ ಏನಾಯಿತು ಎಂಬ ವಿಚಾರ ಮೇಜಿನ ಮೇಲೆ ಹಾಗೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಪ್ರಶ್ನೆಯೇ ಬಾಯಿ ಮುಚ್ಚಿಸುವ ಉಪಾಯ ಆಗಿಬಿಟ್ಟಿದೆ. ಹಿಂದೆ ಎಲ್ಲ ಪ್ರಕರಣದಲ್ಲೂ ಮಾತಾಡಿದ್ದರೆ ಮಾತ್ರ ಈಗ ಮಾತಾಡು ಎಂದರೆ, ಮೊದಲ ಸಲ ಎದ್ದು ನಿಂತ ಕಾಲೇಜು ಹುಡುಗಿಗೆ ಮಾತಾಡುವ ಅರ್ಹತೆಯೇ ಇರುವುದಿಲ್ಲ, ಅಲ್ವಾ? ‘ಗಂಜಿ ಗಿರಾಕಿ’ ಎಂಬ ಬೈಗುಳವೂ ಇದೇ ಕೆಲಸ ಮಾಡುತ್ತದೆ. ಹೇಳಿದ್ದನ್ನು ಬಿಟ್ಟು ಹೇಳಿದವರ ಹಿಂದೆ ಬೀಳುತ್ತದೆ.

ನನ್ನ ವಾದ ಇಷ್ಟೆ. ಯಾರೋ ನನ್ನ ಬಾಯಿ ಮುಚ್ಚಿಸಿದರು ಎನ್ನುವುದು, ಅಥವಾ ನಾವು ಯಾರ ಬಾಯಿಯನ್ನೂ ಮುಚ್ಚಿಸಿಲ್ಲ ಎನ್ನುವುದು, ತತ್ವದ ಮಾತಾಗುವ ಮೊದಲು ಒಂದು ಸಾಕ್ಷಿ ಮಾತು. ಸಾಕ್ಷಿಯನ್ನು ಮೊದಲು ನಿಜವೋ ಸುಳ್ಳೋ ಎಂದು ನೋಡಬೇಕು. ತಡೆದವರು ಯಾರು? ಯಾವ ಆದೇಶ? ತಡೆದದ್ದು ಏನನ್ನು? ಹೇಳಿಕೆ ಕೊಟ್ಟವರ ಕೈಯಲ್ಲಿ ಎಷ್ಟು ಅಧಿಕಾರ ಇತ್ತು? ಇಷ್ಟು ಗೊತ್ತಾದ ಮೇಲೆ ಅವರು ಹಿಂದೆ ಎಲ್ಲಿದ್ದರು ಎಂದು ಕೇಳೋಣ, ಬೇಕಾದಷ್ಟು ಸಮಯ ಇದೆ.

ಟಿಪ್ಪು ನಾಟಕಕ್ಕೇ ಇದನ್ನು ಹಚ್ಚಿ ನೋಡಿ. ನಾಟಕವನ್ನೇ ನಿಷೇಧಿಸಿದರು ಎಂದು ಕೆಲವರು ಮಾತಾಡಿಕೊಂಡರು. ಅದು ಸರಿಯಲ್ಲ. ತಡೆ ಬಂದದ್ದು ಪುಸ್ತಕಕ್ಕೆ. ನಾಟಕ ರಂಗಾಯಣದ ವೇದಿಕೆ ಮೇಲೆ ನಡೆಯಿತು. ತಡೆ ಕೊಟ್ಟದ್ದು ಸರ್ಕಾರ ಅಲ್ಲ, ಖಾಸಗಿ ದಾವೆಯೊಂದರಲ್ಲಿ ಕೋರ್ಟ್. ಅತ್ತ, ಅದೊಂದು ಬಡ ನಾಟಕಕಾರನ ಒಂಟಿ ದನಿ ಎಂಬ ಚಿತ್ರವೂ ಸರಿಯಲ್ಲ. ರಂಗಾಯಣ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ, ಬರೆದವರು ಅದರ ಮುಖ್ಯಸ್ಥರು. ಸರ್ಕಾರಿ ವೇದಿಕೆಯಲ್ಲಿ ಯಾವ ನಾಟಕ ಬರಬೇಕು ಎಂದು ಪ್ರಶ್ನೆ ಮಾಡುವುದು ಸೆನ್ಸಾರ್ ಆಗುವುದಿಲ್ಲ, ತೆರಿಗೆ ಕಟ್ಟುವವರ ಪ್ರಶ್ನೆ ಅದು. ಆದರೆ ಪುಸ್ತಕವನ್ನೇ ಮಾರಬೇಡಿ ಎಂದು ಕೋರ್ಟಿಂದ ಹೇಳಿಸಿದ್ದು ಸೆನ್ಸಾರ್‌ಗೆ ಬಹಳ ಹತ್ತಿರ. ಒಂದೇ ಗಲಾಟೆಯಲ್ಲಿ ಈ ಎರಡೂ ಇದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹೇಳಿದವರೇ ಹೆಚ್ಚು.

ಇದಕ್ಕಿಂತ ಜಟಿಲವಾದದ್ದು ಕಮಲ್ ಹಾಸನ್ ಪ್ರಕರಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಸುಳ್ಳಲ್ಲದ ಹೇಳಿಕೆಯೂ ಹೇಗೆ ಜಾರಿಕೊಳ್ಳುತ್ತದೆ ಎಂದು ಇಲ್ಲಿ ಚೆನ್ನಾಗಿ ಕಾಣುತ್ತದೆ.

2025ರ ಮೇನಲ್ಲಿ ಚೆನ್ನೈನ ಸಮಾರಂಭದಲ್ಲಿ ಅವರು ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದರು. ಎದುರಿಗೆ ಶಿವರಾಜ್‌ಕುಮಾರ್ ಕೂತಿದ್ದರು. ಮಾತು ತಪ್ಪು, ಅದರಲ್ಲಿ ಅನುಮಾನ ಬೇಡ. ಕನ್ನಡ, ತಮಿಳು ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಭಾಷೆಗಳು ಎಂದು ಭಾಷಾ ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದ್ದಾರೆ. ಕ್ಷಮೆ ಕೇಳದಿದ್ದರೆ ಅವರ ಚಿತ್ರ ಕರ್ನಾಟಕದಲ್ಲಿ ಬಿಡುಗಡೆ ಇಲ್ಲ ಎಂದು ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ಜೂನ್ 3ರಂದು ಹೈಕೋರ್ಟಿನಲ್ಲೂ ಅವರಿಗೆ ಕ್ಷಮೆ ಕೇಳುವ ಬುದ್ಧಿಮಾತು ಸಿಕ್ಕಿತು. ಜೂನ್ 5ಕ್ಕೆ ಬೇರೆ ಕಡೆ ಚಿತ್ರ ಬಂತು, ನಮ್ಮಲ್ಲಿ ಬರಲಿಲ್ಲ. ಜೂನ್ 17ರಂದು ಸುಪ್ರೀಂ ಕೋರ್ಟ್ ಖಾರವಾಗಿಯೇ ಮಾತಾಡಿತು. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇರುವ ಚಿತ್ರವನ್ನು ಗುಂಪುಗಳು ತಡೆಯಲು ಬಿಡಲಾಗದು, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವೂ ಅಲ್ಲ ಎಂದಿತು.

ಈ ನಡುವೆ ರಾಜ್ಯ ಸರ್ಕಾರದ ನಿಲುವು ಏನಿತ್ತು? ನಾವು ನಿಷೇಧ ಹಾಕಿಲ್ಲ ಎಂಬುದು. ಕಾಗದದ ಮೇಲೆ ಇದು ಸರಿ. ಸರ್ಕಾರಿ ಆದೇಶ ಯಾವುದೂ ಇರಲಿಲ್ಲ. ತಡೆದದ್ದು ಮಂಡಳಿ, ಅದೊಂದು ವ್ಯಾಪಾರಿ ಸಂಘಟನೆ. ಆದರೆ ಕನ್ನಡ ಮತ್ತು ಸಂಸ್ಕೃತಿ ಸಚಿವರೇ ಮಂಡಳಿಗೆ ಪತ್ರ ಬರೆದು, ಕ್ಷಮೆ ಕೇಳದಿದ್ದರೆ ಅವರ ಚಿತ್ರಗಳನ್ನು ತಡೆಯಿರಿ ಎಂದಿದ್ದರು. ಸಚಿವರ ಪತ್ರ ಇದ್ದ ಮೇಲೆ ಮಂಡಳಿಗೆ, ಥಿಯೇಟರ್ ಮಾಲೀಕರಿಗೆ, ಬೀದಿಗೆ ಇಳಿಯುವವರಿಗೆ ಯಾವ ಸಂದೇಶ ಹೋಗುತ್ತದೆ ಎಂಬುದು ಯಾರಿಗಾದರೂ ಗೊತ್ತಾಗುವಂಥದ್ದು. ಗಾಜು ಒಡೆದರೆ ನಷ್ಟ ಮಾಲೀಕನದು. ಅವನು ಯಾಕೆ ತಾಪತ್ರಯ ತಂದುಕೊಳ್ಳುತ್ತಾನೆ? ಹೀಗೆ ಯಾವ ಆದೇಶವೂ ಇಲ್ಲದೆ ಚಿತ್ರ ನಿಂತಿತು. ನಿಷೇಧ ಹಾಕಿಲ್ಲ ಎಂಬ ಹೇಳಿಕೆಯಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಹೇಳಬೇಕಾದ ಅರ್ಧ ಇರಲಿಲ್ಲ.

ಮಂಡ್ಯದವರಿಗೆ ಇದು ಹಳೆಯ ದಾರಿ. ಕಾವೇರಿ ಗಲಾಟೆ ಎದ್ದಾಗಲೆಲ್ಲ ತಮಿಳು ಸಿನಿಮಾ ಮೊದಲು ನಿಲ್ಲುತ್ತದೆ, ಬಸ್ಸು ಆಮೇಲೆ. 2017ರಲ್ಲಿ ನಟ ಸತ್ಯರಾಜ್ ಎಷ್ಟೋ ವರ್ಷ ಹಿಂದೆ ಕಾವೇರಿ ವಿಚಾರದಲ್ಲಿ ಆಡಿದ್ದ ಮಾತಿಗೆ ಕ್ಷಮೆ ಕೇಳಿದ ಮೇಲೆ ಅವರ ಚಿತ್ರಕ್ಕೆ ದಾರಿ ಬಿಟ್ಟರು. 2018ರಲ್ಲಿ ರಜನಿಕಾಂತ್ ಚಿತ್ರಕ್ಕೆ ಮಂಡಳಿ ಅಡ್ಡ ನಿಂತಾಗ ಹೈಕೋರ್ಟ್ ಭದ್ರತೆ ಕೊಡಿ ಎಂದು ಸರ್ಕಾರಕ್ಕೆ ಹೇಳಬೇಕಾಯಿತು. ಕ್ಷಮೆ ಎಂಬುದು ಹೀಗೆ ಟೋಲ್ ಗೇಟಿನ ಹಣವಾಗಿಬಿಟ್ಟಿದೆ. ಕಟ್ಟಿದರೆ ಗೇಟು ಏಳುತ್ತದೆ. ಮನಸ್ಸಿನಿಂದ ಕೇಳಿದರೋ ಇಲ್ಲವೋ ಯಾರಿಗೂ ಬೇಕಿಲ್ಲ. ನೀರಿನ ಸಂಕಟ ನಿಜ. ಕೆಆರ್‌ಎಸ್ ಕೆಳಗೆ ಗದ್ದೆ ಒಣಗುವಾಗ ರೈತನಿಗೆ ಬರುವ ಸಿಟ್ಟು ನಾಟಕ ಅಲ್ಲ. ಆ ಸಿಟ್ಟನ್ನು ಹೇಳಿಕೊಳ್ಳುವುದಕ್ಕೂ, ಟಿಕೆಟ್ ಕೊಂಡವನನ್ನು ಥಿಯೇಟರ್ ಬಾಗಿಲಲ್ಲಿ ತಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ನಮ್ಮ ಹೋರಾಟಗಾರರ ಹೇಳಿಕೆಗಳು ಸದಾ ಕಲಸಿಬಿಡುತ್ತವೆ.

ಕಮಲ್ ಹಾಸನ್ ಗಲಾಟೆಯಲ್ಲಿ ನನಗೆ ಸರಿ ಕಂಡ ಪ್ರತಿಕ್ರಿಯೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮೊದಲ ಮಾತು. ಕನ್ನಡಕ್ಕೆ ದೊಡ್ಡ ಇತಿಹಾಸ ಇದೆ, ಪಾಪ ಅವರಿಗೆ ಅದು ಗೊತ್ತಿಲ್ಲ ಎಂಬ ಅರ್ಥದಲ್ಲಿ ಹೇಳಿ ಬಿಟ್ಟರು. ಅಲ್ಲಿಗೆ ನಿಲ್ಲಬಹುದಿತ್ತು. ತಪ್ಪು ಮಾತಿಗೆ ಸರಿಯಾದ ಮಾತು, ಜೊತೆಗೆ ಮೈಸೂರು ಕಡೆಯ ಒಂದಿಷ್ಟು ಕುಚೋದ್ಯ. ಆದರೆ ಅದೇ ಸಂಪುಟದ ಇನ್ನೊಂದು ಮೂಲೆಯಿಂದ ಪತ್ರ ಹೋಗಿತ್ತು.

ಸಚಿವರು ಆಡಿದ ಮಾತು ಸರ್ಕಾರದ ಮಾತೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತ್ತು. ಕೌಶಲ್ ಕಿಶೋರ್ ಪ್ರಕರಣ, ತೀರ್ಪು 2023ರ ಜನವರಿ 3ರಂದು. ಮೂಲ ಉತ್ತರ ಪ್ರದೇಶದ್ದು. ಅತ್ಯಾಚಾರ ಪ್ರಕರಣವೊಂದನ್ನು ಅಲ್ಲಿನ ಸಚಿವರು ರಾಜಕೀಯ ಪಿತೂರಿ ಎಂಬಂತೆ ಮಾತಾಡಿದ್ದರು. ನಾಲ್ವರು ನ್ಯಾಯಮೂರ್ತಿಗಳು ಹೇಳಿದ್ದು ಇದು: ಸಚಿವರ ಮಾತಿಗೆ, ಮಾತಿನ ಸ್ವಾತಂತ್ರ್ಯದ ಮಿತಿಗಳನ್ನು ಹೇಳುವ ಸಂವಿಧಾನದ 19(2)ನೇ ವಿಧಿಯಲ್ಲಿ ಇರುವುದಕ್ಕಿಂತ ಹೆಚ್ಚಿನ ಕಡಿವಾಣ ಹಾಕಲಾಗದು, ಅವರ ಮಾತನ್ನು ಸರ್ಕಾರದ ತಲೆಗೆ ಕಟ್ಟಲೂ ಆಗದು. ಬೇರೆ ದನಿ ಬಂದದ್ದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿಂದ. ಹೆಚ್ಚಿನ ಕಡಿವಾಣ ಬೇಡ ಎಂಬುದನ್ನು ಅವರೂ ಒಪ್ಪಿದರು. ಆದರೆ ಸಚಿವರು ಅಧಿಕಾರದ ಸ್ಥಾನದಿಂದ ಆಡಿದ ಮಾತು ಸರ್ಕಾರದ ನಿಲುವನ್ನೇ ಹೇಳುವಂತಿದ್ದರೆ ಅದಕ್ಕೆ ಸರ್ಕಾರ ಹೊಣೆ ಎಂದರು. ಅದು ವೈಯಕ್ತಿಕ ಮಾತಾಗಿದ್ದರೆ ಹೊಣೆ ಸಚಿವರದ್ದೇ.

ಕಾನೂನಿನಲ್ಲಿ ನಾಲ್ವರ ಮಾತು ಗೆದ್ದಿತು. ಆದರೆ ನೀತಿಯ ಲೆಕ್ಕದಲ್ಲಿ ನನಗೆ ನಾಗರತ್ನ ಅವರ ಗೆರೆಯೇ ಸರಿ ಅನಿಸುತ್ತದೆ. ನಾನು ನಮ್ಮ ಕಡೆಯವರು ಅಂತ ಹೇಳುತ್ತಿಲ್ಲ. ಅವರ ತಂದೆ, ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ, ಪಾಂಡವಪುರ ಕಡೆಯವರು ಎಂಬುದು ಮಂಡ್ಯದವರಿಗೆ ಗೊತ್ತೇ ಇದೆ. ಅದೇ ವೆಂಕಟರಾಮಯ್ಯನವರು 1984ರ ಕೊನೆಯಲ್ಲಿ ಪತ್ರಿಕಾ ಕಾಗದದ ಸುಂಕದ ಪ್ರಕರಣದಲ್ಲಿ ತೀರ್ಪು ಬರೆದಿದ್ದರು. ಬಾಯಿ ಮುಚ್ಚು ಎಂದು ಯಾವ ಸರ್ಕಾರವೂ ನೇರವಾಗಿ ಹೇಳಬೇಕಿಲ್ಲ. ಕಾಗದದ ಮೇಲೆ ತೆರಿಗೆ ಏರಿಸಿದರೂ ಪತ್ರಿಕೆಯ ಕತ್ತು ಹಿಸುಕಬಹುದು. ಹಾಗಾಗಿ ಇಂಥ ತೆರಿಗೆಯನ್ನು ಕೋರ್ಟ್ ಪರಿಶೀಲಿಸಬಹುದು ಎಂಬುದು ಆ ತೀರ್ಪಿನ ತಿರುಳು. ನಿಷೇಧ ಹಾಕಿಲ್ಲ ಎಂದು ಸರ್ಕಾರ ಹೇಳಿದಾಗಲೆಲ್ಲ ಈ ಹಳೆ ತೀರ್ಪನ್ನು ನೆನೆಯುವುದು ಒಳ್ಳೆಯದು.

ಅಧಿಕಾರ ಇದ್ದವರ ಮಾತನ್ನೂ ಇಲ್ಲದವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದನ್ನು ಕೋರ್ಟುಗಳೂ ಬೇರೆ ಕಡೆ ಹೇಳಿವೆ. 2020ರ ಡಿಸೆಂಬರಿನಲ್ಲಿ ಟಿವಿ ನಿರೂಪಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೊಡ್ಡ ಪ್ರಭಾವ ಇರುವವರಿಗೆ ಹೆಚ್ಚಿನ ಹೊಣೆ ಇದೆ ಎಂದಿತು. ಯಾರು ಹೇಳಿದರು, ಏನು ಹೇಳಿದರು, ಎಲ್ಲಿ ಯಾವಾಗ ಹೇಳಿದರು ಎಂಬುದನ್ನೆಲ್ಲ ಸೇರಿಸಿ ನೋಡಬೇಕು ಎಂದಿತು.

ಅಧಿಕಾರ ಅಂದರೆ ಬರೀ ಸಚಿವರದ್ದಲ್ಲ. 2020ರ ಜನವರಿ 8ರಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಒಂದು ಪ್ರತಿಭಟನೆ ನಡೆಯಿತು, ದೆಹಲಿಯ ಜೆಎನ್‌ಯುನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆ ಖಂಡಿಸಿ. ಅಲ್ಲಿ ಯುವತಿಯೊಬ್ಬಳು ಕಾಶ್ಮೀರವನ್ನು ಬಿಡುಗಡೆ ಮಾಡಿ ಎಂಬರ್ಥದ ಫಲಕ ಹಿಡಿದಳು. ಪೊಲೀಸರು ತಾವೇ ದೂರು ದಾಖಲಿಸಿ ದೇಶದ್ರೋಹದ ಕಲಂ ಹಾಕಿದರು. ಕಾಶ್ಮೀರದಲ್ಲಿ ಇಂಟರ್ನೆಟ್ ಬಂದ್ ಆಗಿರುವುದರ ಬಗ್ಗೆ ನಾನು ಹೇಳಿದ್ದು ಎಂದು ಅವಳು ವಿವರಣೆ ಕೊಟ್ಟಳು. ಆ ವಿವರಣೆಯನ್ನು ನಂಬಬಹುದು, ಬಿಡಬಹುದು. ಆದರೆ ಅದಾದ ಮೇಲೆ ಮೈಸೂರಿನ ವಕೀಲರ ಸಂಘ, ಅವಳ ಪರ ಯಾರೂ ವಕಾಲತ್ತು ಹಾಕಕೂಡದು ಎಂದು ತೀರ್ಮಾನ ಮಾಡಿತು.

ಇದೂ ಒಂದು ಸಾರ್ವಜನಿಕ ಹೇಳಿಕೆಯೇ. ದೇಶಪ್ರೇಮದ ಹೇಳಿಕೆಯಂತೆ ಅದನ್ನು ಮುಂದಿಟ್ಟರು. ವಕೀಲರೊಬ್ಬರು ನಾನು ಈ ಕೇಸು ತೆಗೆದುಕೊಳ್ಳುವುದಿಲ್ಲ ಎಂದರೆ ಅದು ಅವರ ಇಷ್ಟ. ಇಡೀ ಸಂಘ ಯಾರೂ ತೆಗೆದುಕೊಳ್ಳಬೇಡಿ ಎಂದರೆ ಲೆಕ್ಕ ಬೇರೆ. ಫಲಕ ಹಿಡಿದವಳ ಕೈಯಲ್ಲಿ ಒಂದು ರಟ್ಟು ಇತ್ತು. ಸಂಘದ ಕೈಯಲ್ಲಿ ಕೋರ್ಟಿನ ಬಾಗಿಲು ಇತ್ತು. ಇಂಥ ತೀರ್ಮಾನಗಳು ಕಾನೂನಿಗೂ ವಕೀಲ ವೃತ್ತಿಯ ನೀತಿಗೂ ವಿರುದ್ಧ, ಅವಕ್ಕೆ ಬೆಲೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿಯಾಗಿತ್ತು. ಅಂದರೆ ಹತ್ತು ವರ್ಷ ಹಳೆಯ ತೀರ್ಪು. ಬೇರೆಯವರಿಗೆ ಗೊತ್ತಿಲ್ಲದಿದ್ದರೆ ಸರಿ, ವಕೀಲರಿಗೆ? ಕೊನೆಗೆ ಬೇರೆ ಊರಿನ ವಕೀಲರೂ ಬಂದು ನಿಂತರು. ಮೈಸೂರಿನ ಕೋರ್ಟೇ ಅವಳಿಗೆ ನಿರೀಕ್ಷಣಾ ಜಾಮೀನು ಕೊಟ್ಟಿತು.

ಇದರ ಪಕ್ಕದಲ್ಲಿ ಹಳೇ ಮೈಸೂರಿನ ಒಂದು ವಿಚಾರ ಇಡಬೇಕು. 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕೆಗಳ ಕಾನೂನು ತಂದಿತು. ದಿವಾನರು ವಿ.ಪಿ. ಮಾಧವರಾವ್. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂಬ ಸ್ಥಿತಿ ಬಂತು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ಊರೆಲ್ಲ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯ ಪತ್ರಿಕೆಗಳನ್ನೂ ನಡೆಸುತ್ತಿದ್ದರು. ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಯೇ ಪ್ರತಿಭಟಿಸಿದರು. ಮಂಡ್ಯ ಸೀಮೆಯಲ್ಲಿ 1938ರ ಏಪ್ರಿಲಿನ ಶಿವಪುರ. ಮದ್ದೂರಿನ ಪಕ್ಕದ ಆ ಬಯಲಲ್ಲಿ ಬಾವುಟ ಹಾರಿಸಬಾರದು ಎಂಬ ನಿಷೇಧಾಜ್ಞೆ ಇತ್ತು. ಟಿ. ಸಿದ್ದಲಿಂಗಯ್ಯ ಮತ್ತಿತರರು ಹಾರಿಸಲು ಮುಂದಾಗಿ ಜೈಲಿಗೆ ಹೋದರು. ಬಾವುಟವೂ ಮಾತೇ. ಈ ಎರಡೂ ಕಡೆ ತಡೆದವರು ಯಾರು, ಆದೇಶ ಯಾವುದು ಎಂಬ ಬಗ್ಗೆ ಗೊಂದಲವೇ ಇರಲಿಲ್ಲ. ಹೇಳಿಕೆ ಕೊಟ್ಟವರಿಗೆ ಅದರಿಂದ ನಷ್ಟ ಆಯಿತು, ಲಾಭ ಅಲ್ಲ. ಈಗ ಎಷ್ಟೋ ಸಲ ಬಾಯಿ ಮುಚ್ಚಿಸಿದರು ಎಂಬ ಕೂಗೇ ದೊಡ್ಡ ಮೈಕ್ ತಂದುಕೊಡುತ್ತದೆ. ಲಾಭ ಆಯಿತು ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಆದರೆ ಬೆಲೆ ತೆತ್ತವರ ಮಾತನ್ನು ಒಂದು ಗಳಿಗೆ ಹೆಚ್ಚು ಕೇಳಿಸಿಕೊಳ್ಳಲು ಕಾರಣ ಇದೆ.

ಕಂಪನಿಗಳ ಹೇಳಿಕೆಗಳಿಗೂ ಇದೇ ಎಚ್ಚರ ಬೇಕು. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕೇಂದ್ರದ ಆದೇಶಗಳ ವಿರುದ್ಧ ನಮ್ಮ ಹೈಕೋರ್ಟಿಗೆ ಎರಡು ಸಲ ಬಂದು ಸೋತಿತು. 2023ರ ಜೂನ್ ತೀರ್ಪಿನಲ್ಲಿ 50 ಲಕ್ಷ ರೂಪಾಯಿ ದಂಡ ಬಿತ್ತು. 2025ರ ಸೆಪ್ಟೆಂಬರ್ 24ರಂದು, ಪೋಸ್ಟ್ ತೆಗೆಸುವ ಆದೇಶಗಳನ್ನು ಕಳಿಸಲು ಕೇಂದ್ರ ಮಾಡಿದ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿ ವಜಾ ಆಯಿತು. ಬಳಕೆದಾರರ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತೇವೆ ಎಂಬ ಕಂಪನಿಯ ಮಾತಿನಲ್ಲಿ ಅದರ ವ್ಯಾಪಾರವೂ ಸೇರಿದೆ. ಹಾಗಂತ ಅದು ಎತ್ತಿದ ಪ್ರಶ್ನೆ ಹುರುಳಿಲ್ಲದ್ದಲ್ಲ. ಪೋಸ್ಟ್ ತೆಗೆಸುವ ಆದೇಶ ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಬರೆದವರಿಗೇ ತಿಳಿಯದೆ ಹೋಗಬಹುದು. ತಡೆದವರು ಯಾರು ಎಂದು ಹೇಳಲೇ ಆಗದ ಕಡೆ ಯಾವ ಹೇಳಿಕೆಯನ್ನು ಹೇಗೆ ಅಳೆಯುವುದು?

ಇನ್ನು ಬಾಯಿ ಮುಚ್ಚಿಸಿದರು ಎಂದು ಯಾರೂ ಹೇಳಿಕೆಯನ್ನೇ ಕೊಡದ ಪ್ರಕರಣ. 2023ರ ಮಾರ್ಚಿನಲ್ಲಿ ಉರಿಗೌಡ, ನಂಜೇಗೌಡ ಎಂಬ ಹೆಸರುಗಳು ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಇದ್ದವು. ಟಿಪ್ಪುವನ್ನು ಕೊಂದವರು ಇವರೇ ಎಂಬ ಪ್ರಚಾರ. ರಂಗಾಯಣದ ಆ ನಾಟಕದಲ್ಲೂ ಇವರು ಬಂದಿದ್ದರು. ಪ್ರಧಾನಿ ಬರುವಾಗ ಇವರ ಹೆಸರಿನ ಸ್ವಾಗತ ಕಮಾನು ಎದ್ದಿತು, ಆಮೇಲೆ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ಮುನಿರತ್ನ ಇವರ ಬಗ್ಗೆ ಸಿನಿಮಾ ಮಾಡುವುದಾಗಿ ಹೇಳಿದರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನು ಭೇಟಿ ಮಾಡಿ ಬಂದ ಮೇಲೆ ಸಿನಿಮಾ ಕೈಬಿಟ್ಟರು.

ಸ್ವಾಮೀಜಿ ಕೇಳಿದ್ದು ಸರಿಯಾದ ಪ್ರಶ್ನೆ: ದಾಖಲೆ ಎಲ್ಲಿದೆ? ಇತಿಹಾಸದ ದೃಷ್ಟಿಯಿಂದ ಆ ಸಿನಿಮಾ ಬರದೇ ಹೋದದ್ದರಿಂದ ನಷ್ಟ ಏನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಒಂದು ವಿಷಯ ಗಮನಿಸಿ. ಒಂದು ಸಿನಿಮಾ ಮಠದ ಮಾತಿನಿಂದ ನಿಂತಿತು. ಟಿಪ್ಪು ವಿರೋಧಿಗಳು ಇದನ್ನು ಸ್ವಾತಂತ್ರ್ಯದ ಪ್ರಶ್ನೆ ಮಾಡಲಿಲ್ಲ. ಒಕ್ಕಲಿಗರ ಸೀಮೆಯಲ್ಲಿ, ಚುನಾವಣೆ ಹೊಸ್ತಿಲಲ್ಲಿ, ಮಠದ ವಿರುದ್ಧ ಯಾರು ಮಾತಾಡುತ್ತಾರೆ? ಅತ್ತ ಟಿಪ್ಪು ಪರ ಇದ್ದವರಿಗೆ ಬೇಡದ ಸಿನಿಮಾ ನಿಂತ ಖುಷಿ. ಎಲ್ಲರಿಗೂ ಅನುಕೂಲವಾದ ತಡೆಯನ್ನು ಯಾರೂ ತಡೆ ಎನ್ನಲಿಲ್ಲ. ಹೀಗೆ ಮಾಡುವುದು ತಪ್ಪು ಎಂದೂ ನಾನು ಹೇಳಲಾರೆ. ಸಲಹೆ ಕೊಟ್ಟರು, ಒಪ್ಪಿದರು. ಕಾನೂನು, ಪೊಲೀಸು, ಕಲ್ಲು ಯಾವುದೂ ಇರಲಿಲ್ಲ. ಆದರೆ ಅದೇ ಸಲಹೆ ಯಾವ ಬೆಂಬಲವೂ ಇಲ್ಲದ ಬರಹಗಾರನಿಗೆ ಬಂದಿದ್ದರೆ ಅದನ್ನು ಸಲಹೆ ಅಂದುಕೊಳ್ಳುವ ಧೈರ್ಯ ಅವನಿಗೆ ಇರುತ್ತಿತ್ತೇ?

ಮಹಿಷಾಸುರನನ್ನು ಗೌರವಿಸಿ ಕೆಲವರು ಆಚರಿಸುವ ಮಹಿಷ ದಸರೆಯಲ್ಲಿ ಇದರ ಉಲ್ಟಾ. 2023ರ ಅಕ್ಟೋಬರಿನಲ್ಲಿ ಒಂದು ಕಡೆ ಆಚರಣೆ, ಇನ್ನೊಂದು ಕಡೆ ಅದನ್ನು ವಿರೋಧಿಸುವವರಿಂದ ಚಾಮುಂಡಿ ಬೆಟ್ಟಕ್ಕೆ ಬನ್ನಿ ಎಂಬ ಕರೆ. ಪೊಲೀಸರು ಬೆಟ್ಟದಲ್ಲಿ ನಿಷೇಧಾಜ್ಞೆ ಹಾಕಿ, ಕಾರ್ಯಕ್ರಮಕ್ಕೆ ಪುರಭವನದಲ್ಲಿ ಜಾಗ ಕೊಟ್ಟರು. ಇಬ್ಬರೂ ನಮ್ಮನ್ನೇ ತಡೆದರು ಎಂದು ಹೇಳಿಕೊಂಡರು. ಇಬ್ಬರೂ ತಮ್ಮ ಮಾತನ್ನು ಹೇಳಿಯೂ ಹೇಳಿದ್ದರು! ಗಲಾಟೆ ಆಗುತ್ತದೆ ಎಂಬ ಹೆದರಿಕೆ ಇದ್ದಾಗ ಮಾತನ್ನು ಪೂರ್ತಿ ಮುಚ್ಚಿಸುವ ಬದಲು ಜಾಗ ಬೇರೆ ಮಾಡುವುದು ಪೊಲೀಸರ ಕೆಲಸ. 1989ರ ರಂಗರಾಜನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದರ ಹತ್ತಿರದ ಮಾತೇ. ಗುಂಪು ಬೆದರಿಸುತ್ತದೆ, ನಮ್ಮಿಂದ ನಿಭಾಯಿಸಲಾಗದು ಎಂದು ಸರ್ಕಾರ ಕೈ ಚೆಲ್ಲುವಂತಿಲ್ಲ. ಅಪಾಯ ಮದ್ದಿನ ಪೀಪಾಯಿಗೆ ಕಿಡಿ ಬಿದ್ದಷ್ಟು ಹತ್ತಿರ ಇರಬೇಕು.

ಈ ಎಲ್ಲ ಹೇಳಿಕೆಗಳು ಈಗ ಬಂದು ನಿಂತಿರುವುದು ರಾಜ್ಯದ ದ್ವೇಷ ಭಾಷಣ ತಡೆ ಮಸೂದೆಯ ಮುಂದೆ. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಎರಡೂ ಸದನಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಸಹಯೋಗ್ ಪೋರ್ಟಲ್ಲನ್ನು ಸರಿ ಎನ್ನುವವರಲ್ಲಿ ಹೆಚ್ಚಿನವರು ಈ ಮಸೂದೆಯನ್ನು ಬಾಯಿ ಬೀಗ ಎನ್ನುತ್ತಾರೆ. ಪೋರ್ಟಲ್ಲನ್ನು ಬಾಯಿ ಬೀಗ ಎನ್ನುವವರಲ್ಲಿ ಹೆಚ್ಚಿನವರು ಮಸೂದೆ ಬೇಕೇ ಬೇಕು ಎನ್ನುತ್ತಾರೆ. ‘ಆಗ ಎಲ್ಲಿದ್ರಿ’ ಆಟಕ್ಕೆ ಇದಕ್ಕಿಂತ ಒಳ್ಳೆ ಮೈದಾನ ಸಿಗದು.

ಆಟ ಬಿಟ್ಟು ಮಸೂದೆಯ ಪದಗಳನ್ನು ನೋಡೋಣ. ಬದುಕಿರುವವರ ಬಗ್ಗೆ ಮಾತ್ರ ಅಲ್ಲ, ಸತ್ತವರ ಬಗ್ಗೆ ದ್ವೇಷ ಅಥವಾ ಅಸಹನೆ ಮೂಡಿಸುವ ಉದ್ದೇಶದ ಮಾತೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಸಾರ್ವಜನಿಕ ಹಿತಕ್ಕಾಗಿ ಬಂದ ಸಾಹಿತ್ಯ, ಕಲೆಗೆ ವಿನಾಯಿತಿಯೂ ಇದೆ. ಟಿಪ್ಪು ನಾಟಕ ಯಾವ ಕಡೆ ಬೀಳುತ್ತದೆ? ಅದಕ್ಕೆ ಎದುರಾಗಿ ಒಡೆಯರ ಕಾಲವನ್ನು ಬೈಯುವ ನಾಟಕ ಬಂದರೆ ಅದು ಯಾವ ಕಡೆ? ಪರ ಇರುವವರು ಮೊದಲ ನಾಟಕದ ಬಗ್ಗೆ, ವಿರೋಧ ಇರುವವರು ಎರಡನೆಯದರ ಬಗ್ಗೆ ಉತ್ತರ ಕೊಟ್ಟರೆ ಅವರವರ ಹೇಳಿಕೆಯ ತೂಕ ಗೊತ್ತಾಗುತ್ತದೆ. ಅಂಥ ಹೇಳಿಕೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಅಂಶ ಹೆಚ್ಚು ಜನರ ಗಮನಕ್ಕೆ ಬಂದ ಹಾಗೆ ಕಾಣುವುದಿಲ್ಲ. 2025ರ ಮಾರ್ಚ್ 28ರಂದು, ಕವಿತೆಯೊಂದರ ಮೇಲೆ ಗುಜರಾತ್ ಪೊಲೀಸರು ಹಾಕಿದ್ದ ಕೇಸನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾತನ್ನು ಅಳೆಯಬೇಕಾದ್ದು ಗಟ್ಟಿ ಮನಸ್ಸಿನ, ವಿವೇಕ ಇರುವ ಜನರ ಅಳತೆಯಿಂದ. ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಿಂದ ಅಲ್ಲ ಎಂದಿತು. ಜೊತೆಗೆ, ಮಾತು ಬರಹದ ಪ್ರಕರಣಗಳಲ್ಲಿ ಶಿಕ್ಷೆ 3 ವರ್ಷದಿಂದ 7 ವರ್ಷದ ಒಳಗಿದ್ದರೆ ಪೊಲೀಸರು ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆಯ ದಾರಿ ಹಿಡಿಯುವುದು ಒಳ್ಳೆಯದು ಎಂದಿತು. ಅದಕ್ಕೆ ಆಧಾರ, ಪೊಲೀಸರು ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಂ. ಅಲ್ಲಿ ಬರೆದಿರುವುದು 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳು ಎಂದು. ನಮ್ಮ ಮಸೂದೆಯಲ್ಲಿ ಮೊದಲ ತಪ್ಪಿಗೇ ಶಿಕ್ಷೆ 1 ವರ್ಷದಿಂದ 7 ವರ್ಷ. ಕಲಮನ್ನು ಇದ್ದ ಹಾಗೆ ಓದಿದರೆ, ಆ ಪ್ರಾಥಮಿಕ ವಿಚಾರಣೆಯ ರಕ್ಷಣೆ ಈ ಮಸೂದೆಯ ಕೇಸುಗಳಿಗೆ ಸಿಗುವುದಿಲ್ಲ. ಜಯಲಕ್ಷ್ಮೀಪುರದ ಠಾಣೆಯಲ್ಲೋ ಮದ್ದೂರಿನ ಠಾಣೆಯಲ್ಲೋ ದೂರು ಬಂದರೆ, ನೇರ ಎಫ್‌ಐಆರ್. ಶಿಕ್ಷೆಯ ಮಿತಿಯನ್ನು ಒಂದು ದಿನ ಇಳಿಸಿದ್ದರೂ ಈ ರಕ್ಷಣೆ ಉಳಿಯುತ್ತಿತ್ತು. ಹಾಗೆ ಇಳಿಸಿ ಎಂದು ಕೇಳುವುದಕ್ಕೆ ಮಸೂದೆಯ ಪರ ಇರಬೇಕಿಲ್ಲ, ವಿರೋಧವೂ ಇರಬೇಕಿಲ್ಲ.